ಲಾಲ್ ಮನೆತನದ ಗುಳಿಗೆಗಳು

ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್, ಪ್ರೊಪ್ರಾನೊಲಾಲ್, ನೆಬಿವೊಲಾಲ್, ಕಾರ್ವೆಡಿಲಾಲ್... ಸುಮ್ಮನೆ ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಮುಂಬೈನ ಯಾವುದೋ ಬಟ್ಟೆ ಮಾರ್ಕೆಟ್ಟಿನ ಅಂಗಡಿ ಬೋರ್ಡು ಓದಿದ ಹಾಗಾಗುತ್ತದೆ. ಚಮನ್‌ಲಾಲ್, ಬಿಹಾರಿಲಾಲ್, ಮದನ್‌ಲಾಲ್ ಅಂತ ದಿನಕ್ಕೆ ನೂರು ಚೆಕ್ಕು ನೋಡಿದ ನನ್ನಂಥ ಬ್ಯಾಂಕಿನವನಿಗೆ ಈ ಹೆಸರುಗಳು ಬೇಗ ತಲೆಯಲ್ಲಿ ಕೂತುಬಿಟ್ಟವು. ಹೃದಯದ ತೊಂದರೆ ಇರುವವರ ಮನೆಯ ಗುಳಿಗೆ ಡಬ್ಬಿ ತೆಗೆದರೆ ಬಹಳ ಸಲ ಈ ಲಾಲ್ ಮನೆತನದ ಒಬ್ಬ ಅಲ್ಲಿ ಕೂತಿರುತ್ತಾನೆ. ಡಾಕ್ಟರುಗಳು ಇವರನ್ನೆಲ್ಲ ಒಟ್ಟಾಗಿ ಬೀಟಾ ಬ್ಲಾಕರ್ ಅನ್ನುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ. ನಾನು ಓದಿದ್ದು ಬಿ.ಕಾಂ. ಡಾಕ್ಟರಲ್ಲ, ಕಾಂಪೌಂಡರೂ ಅಲ್ಲ. ಯಾರಿಗೆ ಯಾವ ಗುಳಿಗೆ, ಎಷ್ಟು ಮಿಲಿಗ್ರಾಂ ಅಂತ ಹೇಳುವ ಅಧಿಕಾರ ನನಗಿಲ್ಲ. ಆದರೆ ಮೂವತ್ತು ವರ್ಷ ಡೊಂಬಿವಲಿಯಲ್ಲಿದ್ದು, ಊರಿನಿಂದ ಬಂದ ಹಿರಿಯರನ್ನು ಆಸ್ಪತ್ರೆಗಳಿಗೆ ಕರೆದುಕೊಂಡು ಹೋಗುವವರನ್ನು, ಕರೆದುಕೊಂಡು ಬರುವವರನ್ನು ನೋಡುತ್ತಾ ನನಗೊಂದು ಅಭಿಪ್ರಾಯ ಗಟ್ಟಿಯಾಗಿದೆ. ಈ ಗುಳಿಗೆಯ ಸೈಡ್ ಎಫೆಕ್ಟಿನಿಂದ ಆಗುವ ತೊಂದರೆಗಿಂತ, ಆ ಸೈಡ್ ಎಫೆಕ್ಟ್ ಬಗ್ಗೆ ನಮ್ಮ ಜನಕ್ಕೆ ಅವರ ಭಾಷೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದೇ ಇರುವುದರಿಂದ ಆಗುವ ತೊಂದರೆ ದೊಡ್ಡದು. ಹೇಳದೇ ಇದ್ದಾಗ ಏನಾಗುತ್ತೆ? ಒಂದು ದಿನ ರೋಗಿ ತಾನೇ ಡಾಕ್ಟರಾಗಿ ಗುಳಿಗೆ ನಿಲ್ಲಿಸಿಬಿಡುತ್ತಾನೆ. ಬೀಟಾ ಬ್ಲಾಕರ್ ವಿಷಯದಲ್ಲಿ ಅದಕ್ಕಿಂತ ಅಪಾಯದ ಕೆಲಸ ಇನ್ನೊಂದಿಲ್ಲ.

ಈ ಗುಳಿಗೆ ಮಾಡುವ ಕೆಲಸ ಅರ್ಥಮಾಡಿಕೊಳ್ಳೋಕೆ ಕಷ್ಟವೇನಿಲ್ಲ. ಹೆದರಿದಾಗ, ಸಿಟ್ಟು ಬಂದಾಗ, ಓಡಿದಾಗ ಮೈಯಲ್ಲಿ ಅಡ್ರಿನಾಲಿನ್ ಏರುತ್ತದೆ, ಎದೆ ಡವಡವ ಬಡಿದುಕೊಳ್ಳುತ್ತದೆ. ಅಡ್ರಿನಾಲಿನ್ ಹೋಗಿ ತಟ್ಟುವ ಬಾಗಿಲುಗಳು ಮೈಯಲ್ಲಿ ಎರಡು ಬಗೆಯವು, ಅವಕ್ಕೆ ಆಲ್ಫಾ ಮತ್ತು ಬೀಟಾ ಅಂತ ಹೆಸರಿಡೋಣ ಅಂತ 1948ರಲ್ಲಿ ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ ಹೇಳಿದ. ಆಗ ಎದೆನೋವಿಗೆ ಎಲ್ಲರೂ ಯೋಚಿಸುತ್ತಿದ್ದದ್ದು ಹೃದಯಕ್ಕೆ ಹೆಚ್ಚು ರಕ್ತ, ಹೆಚ್ಚು ಆಮ್ಲಜನಕ ಹೇಗೆ ಕಳಿಸೋದು ಅಂತ. ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್ ತಿರುಗಿಸಿ ಯೋಚಿಸಿದ. ಪೂರೈಕೆ ಹೆಚ್ಚಿಸೋದು ಬಿಡಿ, ಬೇಡಿಕೆಯನ್ನೇ ಕಡಿಮೆ ಮಾಡಿದರೆ? ಅಂದರೆ ಬೀಟಾ ಬಾಗಿಲಿಗೆ ಅಗುಳಿ ಹಾಕಿಬಿಟ್ಟರೆ? (ಆದಾಯ ಹೆಚ್ಚಿಸಲು ಆಗದಿದ್ದಾಗ ಖರ್ಚು ಕಡಿಮೆ ಮಾಡು ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದ ಲೆಕ್ಕವೇ ಇದು.) 1960ರ ದಶಕದ ನಡುವೆ ಪ್ರೊಪ್ರಾನೊಲಾಲ್ ಬಂತು. 1988ರಲ್ಲಿ ಬ್ಲ್ಯಾಕ್‌ಗೆ ನೊಬೆಲ್ ಬಂತು.

ಬಾಗಿಲಿಗೆ ಅಗುಳಿ ಹಾಕಿದ ಮೇಲೆ ಎದೆಬಡಿತ ನಿಧಾನವಾಗುತ್ತದೆ, ಬಿ.ಪಿ. ಇಳಿಯುತ್ತದೆ, ಹೃದಯಕ್ಕೆ ವಿಶ್ರಾಂತಿ ಸಿಗುತ್ತದೆ. ಇದು ಉಪಕಾರ. ಅದೇ ಅಗುಳಿಯಿಂದಲೇ ಉಪದ್ರವಗಳೂ ಹುಟ್ಟುತ್ತವೆ. ಮೆಟ್ಟಿಲು ಹತ್ತುವಾಗ ಹೃದಯ ಮೊದಲಿನ ಹಾಗೆ ವೇಗ ಹಿಡಿಯೋದಿಲ್ಲ, ಹಾಗಾಗಿ ದಣಿವು. ಕೈಕಾಲಿನ ತುದಿಗೆ ರಕ್ತ ಕಡಿಮೆ, ಹಾಗಾಗಿ ಬೆರಳು ತಣ್ಣಗೆ. ತಟ್ಟನೆ ಎದ್ದು ನಿಂತರೆ ತಲೆ ತಿರುಗುವುದು. ಕೆಲವರಿಗೆ ನಿದ್ದೆ ಕೆಡುತ್ತದೆ, ಚಿತ್ರವಿಚಿತ್ರ ಕನಸುಗಳು ಬೀಳುತ್ತವೆ. ಪ್ರೊಪ್ರಾನೊಲಾಲ್, ಮೆಟೊಪ್ರೊಲಾಲ್ ಮಿದುಳಿನೊಳಗೆ ಸುಲಭವಾಗಿ ಹೊಗುವುದರಿಂದ ಇವುಗಳಿಂದ ಕನಸಿನ ಕಾಟ ಹೆಚ್ಚು, ಅಟೆನೊಲಾಲ್‌ನಿಂದ ಕಡಿಮೆ. ಕೆಲವು ಗಂಡಸರಿಗೆ ದಾಂಪತ್ಯದ ವಿಷಯದಲ್ಲಿ ತೊಂದರೆ. ಇವೆಲ್ಲ ಎಲ್ಲರಿಗೂ ಬರುವಂಥವಲ್ಲ. ಬಂದವರಲ್ಲೂ ಎಷ್ಟೋ ಜನಕ್ಕೆ ಕೆಲವು ವಾರಗಳಲ್ಲಿ ಮೈ ಒಗ್ಗಿಕೊಂಡು ಕಡಿಮೆಯಾಗುತ್ತದೆ. ಆದರೆ ಹಾಗೆ ಕಡಿಮೆಯಾಗುತ್ತೆ ಅಂತ ಗೊತ್ತಿರಬೇಕಲ್ಲ!

ನಮ್ಮ ಮಾವನವರ ಸಂಗತಿ ಹೇಳುತ್ತೇನೆ. ನವಲಗುಂದದ ಕಡೆಯ ಹಳ್ಳಿಯಲ್ಲಿ ಪ್ರೈಮರಿ ಶಾಲೆ ಮಾಸ್ತರರಾಗಿ ನಿವೃತ್ತರಾದವರು, ಈಗ ಎಪ್ಪತ್ತೈದರ ಆಸುಪಾಸು. ಕೆಲವು ವರ್ಷದ ಹಿಂದೆ ದೀಪಾವಳಿಗೆ ಮಗನ ಮನೆಗೆ ಮುಂಬೈಗೆ ಬಂದಾಗ ಹಾರ್ಟ್ ಅಟ್ಯಾಕ್ ಆಯಿತು. ಹತ್ತಿರದ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು, ಜೀವ ಉಳಿಸಿದರು. ಆ ಋಣ ಎಂದಿಗೂ ಇದೆ. ಹೃದಯದ ಪಂಪಿಂಗ್ ಶಕ್ತಿ ಕುಗ್ಗಿತ್ತು, ಮೆಟೊಪ್ರೊಲಾಲ್ ಶುರುಮಾಡಿದರು. ಸರಿಯಾದ ಗುಳಿಗೆಯೇ. ಡಿಸ್ಚಾರ್ಜ್ ದಿನ ಡಾಕ್ಟರು ಹಿಂದಿ-ಇಂಗ್ಲಿಷ್ ಬೆರೆಸಿ ಎರಡು ನಿಮಿಷ ಏನೋ ಹೇಳಿದರು. ಭಾವಮೈದ ಅದನ್ನು ಕನ್ನಡಕ್ಕೆ ಇಳಿಸಿದ್ದು ಇಷ್ಟು: "ಎಲ್ಲಾ ಛಲೋ ಅದ ಅಂತ ಅಪ್ಪಾ. ಈ ಗುಳಿಗಿ ತಪ್ಪಿಸಬ್ಯಾಡ್ರಿ ಅಂತ ಹೇಳ್ಯಾರ."

ಯಾಕೆ ತಪ್ಪಿಸಬಾರದು? ತಪ್ಪಿಸಿದರೆ ಏನಾಗುತ್ತೆ? ತೊಗೊಂಡರೆ ಏನೇನು ಅನ್ನಿಸಬಹುದು? ಒಂದೂ ಮಾತಿಲ್ಲ. ಕೈಗೆ ಬಂದದ್ದು ಎಂಟು ಪುಟದ ಇಂಗ್ಲಿಷ್ ಕಾಗದ.

ಊರಿಗೆ ಹೋದ ಮೇಲೆ ಮಾವನವರು ಫೋನಿನಲ್ಲಿ, "ಏನೋ ನೋಡ್ರಿ ಅಳಿಯಂದ್ರ, ಮೈಯಾಗ ಕಸುವ ಇಲ್ಲದಂಗಾಗೇದ. ಕಟ್ಟಿತನಕ ಹೋಗಿ ಬರೂದ್ರಾಗ ಸಾಕಾಗ್ತದ" ಅನ್ನುತ್ತಿದ್ದರು. ಕೈಕಾಲು ತಣ್ಣಗೆ, ರಾತ್ರಿ ನಿದ್ದೆ ಇಲ್ಲ. ಆಪರೇಷನ್ ಆದ ದೇಹ, ವಯಸ್ಸು, ಅಂತ ಮನೆಯವರೆಲ್ಲ ತಿಳಿದರು. ಅಷ್ಟರಲ್ಲಿ ಗುಡಿಯ ಕಟ್ಟೆಯ ಮೇಲೆ ಅವರ ಹಳೇ ಸಹೋದ್ಯೋಗಿಯೊಬ್ಬರು ಗುಳಿಗೆ ಪಟ್ಟಿ ನೋಡಿ, "ಇದ ನೋಡ್ರಿ ಮಾಸ್ತರ, ನನಗೂ ಇದನ್ನ ಕೊಟ್ಟಿದ್ರು. ಬಿಟ್ಟ ಮ್ಯಾಲ ಹುಲಿ ಆಗೀನಿ" ಅಂದರಂತೆ. ಅವರಿಗೆ ಕೊಟ್ಟದ್ದು ಬರೀ ಬಿ.ಪಿ.ಗೆ, ಇವರಿಗೆ ಕೊಟ್ಟದ್ದು ಸೋತ ಹೃದಯಕ್ಕೆ. ಆದರೆ ಕಟ್ಟೆಯ ಮೇಲೆ ಆ ವ್ಯತ್ಯಾಸ ಯಾರು ಹೇಳಬೇಕು?

ಮಾವನವರೂ ಬಿಟ್ಟರು. ಎರಡು ದಿನ ನಿಜವಾಗಿಯೂ ಹುಲಿಯೇ ಆದರಂತೆ, ಹೊಲದವರೆಗೂ ನಡೆದು ಬಂದರಂತೆ. ನಾಲ್ಕನೇ ರಾತ್ರಿ ಎದೆ ಹೊಡಕೊಳ್ಳೋಕೆ ಶುರುವಾಯಿತು, ಬೆವರು, ಎದೆಯ ಮೇಲೆ ಕಲ್ಲು ಹೇರಿದ ಹಾಗೆ ಭಾರ. ಪಕ್ಕದ ಮನೆಯವರ ಕಾರಿನಲ್ಲಿ ಹುಬ್ಬಳ್ಳಿಗೆ ಕರೆದೊಯ್ದರು. ಮೂರು ದಿನ ಐ.ಸಿ.ಯು. ಗುಳಿಗೆ ಒಮ್ಮೆಲೇ ನಿಲ್ಲಿಸಿದ್ದೇ ಕಾರಣ ಇರಬೇಕು ಅಂದರು ಅಲ್ಲಿಯ ಡಾಕ್ಟರು. ದೇವರ ದಯೆ, ಪಾರಾದರು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇದು ನಮ್ಮ ಮಾವನವರೊಬ್ಬರ ಕಥೆಯಲ್ಲ. ಬೀಟಾ ಬಾಗಿಲಿಗೆ ತಿಂಗಳುಗಟ್ಟಲೆ ಅಗುಳಿ ಬಿದ್ದಾಗ ದೇಹ ಸುಮ್ಮನೆ ಕೂಡುವುದಿಲ್ಲ, ಹೊಸ ಬಾಗಿಲುಗಳನ್ನು ಮಾಡಿಕೊಳ್ಳುತ್ತದೆ. ಒಂದು ದಿನ ಒಮ್ಮೆಲೇ ಅಗುಳಿ ತೆಗೆದರೆ? ಹಳೆಯವೂ ಹೊಸವೂ ಸೇರಿ ಎಲ್ಲ ಬಾಗಿಲಿನಿಂದ ಅಡ್ರಿನಾಲಿನ್ ನುಗ್ಗುತ್ತದೆ. ಗುಳಿಗೆ ಶುರುಮಾಡುವ ಮೊದಲು ಇದ್ದದ್ದಕ್ಕಿಂತ ಹೆಚ್ಚಿನ ರಭಸದಲ್ಲಿ ಹೃದಯ ಓಡುತ್ತದೆ. ಪ್ರೊಪ್ರಾನೊಲಾಲ್ ಒಮ್ಮೆಲೇ ನಿಲ್ಲಿಸಿದವರಿಗೆ ಎದೆನೋವು ಉಲ್ಬಣಿಸಿದ, ಹೃದಯಾಘಾತವಾದ ವರದಿಗಳು 1975ರಷ್ಟು ಹಿಂದೆಯೇ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಅಮೆರಿಕದಲ್ಲಿ ಅಟೆನೊಲಾಲ್ ಮಾಹಿತಿ ಪತ್ರದಲ್ಲಿ ಈ ಎಚ್ಚರಿಕೆಯನ್ನು ಕಪ್ಪು ಚೌಕಟ್ಟು ಹಾಕಿ ಅಚ್ಚುಮಾಡುತ್ತಾರೆ. ನಿಲ್ಲಿಸಲೇಬೇಕಾದರೆ ಡಾಕ್ಟರು ಒಂದೆರಡು ವಾರಗಳಲ್ಲಿ ಸ್ವಲ್ಪಸ್ವಲ್ಪವೇ ಇಳಿಸುತ್ತಾ ಬರುತ್ತಾರೆ. ಐವತ್ತು ವರ್ಷದಿಂದ ಗೊತ್ತಿರುವ ಮಾತು ನಮ್ಮ ಹಳ್ಳಿಯ ಗುಡಿಕಟ್ಟೆಗೆ ಇನ್ನೂ ಬಂದಿಲ್ಲ.

ಹುಬ್ಬಳ್ಳಿಯ ಆ ಡಾಕ್ಟರು ಸಣ್ಣ ವಯಸ್ಸಿನವರು. ಮಾವನವರ ಹಾಸಿಗೆ ಪಕ್ಕ ಸ್ಟೂಲ್ ಎಳೆದುಕೊಂಡು ಕೂತು ಐದೇ ನಿಮಿಷ ಮಾತಾಡಿದರು. "ಮಾಸ್ತರ, ಈ ಗುಳಿಗಿ ನಿಮ್ಮ ಎದಿಗೆ ಬ್ರೇಕ್ ಇದ್ಧಂಗ. ಘಾಟ್ ಇಳಿಯೂ ಮುಂದ ಬ್ರೇಕ್ ಕಾಲು ತಗದ್ರ ಏನಾಗ್ತದ, ನೀವ ಹೇಳ್ರಿ. ಸಣ್ಣ ಡೋಸಿನಿಂದ ಮತ್ತ ಶುರು ಮಾಡ್ತೀನಿ. ಎರಡು-ಮೂರು ವಾರ ದಣಿವು ಇರ್ತದ, ಕೈಕಾಲು ತಣ್ಣಗಾಗ್ತಾವ. ತಡಕೊಳ್ಳಾಕ ಆಗದಿದ್ರ ನನಗ ಫೋನ್ ಮಾಡ್ರಿ, ಬ್ಯಾರೆ ಗುಳಿಗಿ ಅದಾವ. ಆದ್ರ ನೀವಾಗಿ ಬಿಡಬ್ಯಾಡ್ರಿ." ಮಾವನವರು ಅಂದಿನಿಂದ ಒಂದು ದಿನ ತಪ್ಪಿಸಿಲ್ಲ. ದಣಿವು ಪೂರ್ತಿ ಹೋಯಿತೇ? ಇಲ್ಲ. ಈಗಲೂ ಸ್ವಲ್ಪ ಇದೆ. ಆದರೆ ಅದು ಯಾಕೆ ಇದೆ ಅಂತ ಅವರಿಗೆ ಗೊತ್ತು.

ನೋಡಿ, ಮುಂಬೈ ಆಸ್ಪತ್ರೆಯದು ತಪ್ಪು, ಹುಬ್ಬಳ್ಳಿಯದು ಸರಿ ಅಂತ ತೀರ್ಪು ಕೊಡಲು ನಾನು ಇದನ್ನು ಹೇಳಲಿಲ್ಲ. ನಮ್ಮಂಥ ವಲಸೆ ಬಂದವರ ಮನೆಗಳಲ್ಲಿ ಡಾಕ್ಟರ ಮಾತಿಗೂ ರೋಗಿಯ ಕಿವಿಗೂ ನಡುವೆ ಯಾವಾಗಲೂ ಒಬ್ಬ ಮಗ ಅಥವಾ ಸೊಸೆ ನಿಂತಿರುತ್ತಾರೆ. ಅವರು ದುಭಾಷಿಗಳಲ್ಲ, ಮಕ್ಕಳು. ಮಕ್ಕಳಿಗೆ ಹೆದರಿಕೆ. ಅಪ್ಪ ಗಾಬರಿಯಾದಾರು ಅಂತ ಕೆಟ್ಟದ್ದನ್ನೆಲ್ಲ ಸೋಸಿ, ಒಳ್ಳೆಯದನ್ನು ಮಾತ್ರ ಹೇಳುತ್ತಾರೆ. ಆ ಕಡೆಯಿಂದಲೂ ಅಷ್ಟೇ. ಅಪ್ಪನಿಗೆ ಹೇಳಲು ಇರುವುದನ್ನು ಮಗನ ಬಾಯಿಂದ ಹೇಳಿಸಲು ಆಗುತ್ತದೆಯೇ? ಅರವತ್ತು ದಾಟಿದ ಗಂಡಸು, "ಈ ಗುಳಿಗೆ ಶುರುವಾದ ಮೇಲೆ ಹೆಂಡತಿಯ ಜೊತೆ ಹೀಗಾಗಿದೆ" ಅಂತ ಮಗನ ಎದುರು, ಅದೂ ಮಗ ಅದನ್ನು ಮರಾಠಿಗೆ ತರ್ಜುಮೆ ಮಾಡಲಿ ಅಂತ ಹೇಳುತ್ತಾನೆಯೇ? ಸತ್ತರೂ ಹೇಳೋದಿಲ್ಲ. ಸುಮ್ಮನೆ ಗುಳಿಗೆ ಬಿಡುತ್ತಾನೆ. ಮನೆಯವರಿಗೆ ಗೊತ್ತೂ ಆಗೋದಿಲ್ಲ.

ಈಗ ನಮ್ಮ ಕಸುಬಿನ ಮಾತಿಗೆ ಬರುತ್ತೇನೆ. 2024ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಆ ವರ್ಷದ ಅಕ್ಟೋಬರ್ 1ರಿಂದ ಹೊಸದಾಗಿ ಮಂಜೂರಾಗುವ ರಿಟೇಲ್ ಸಾಲಗಳಿಗೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಕೊಡಲೇಬೇಕು. ಬಡ್ಡಿ ಎಷ್ಟು, ಒಟ್ಟು ಖರ್ಚು ಎಷ್ಟು, ದಂಡ ಎಷ್ಟು, ಎಲ್ಲ ಅದರಲ್ಲಿರಬೇಕು. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಅಷ್ಟೇ ಅಲ್ಲ, ಬಾಯಿಬಿಟ್ಟು ವಿವರಿಸಬೇಕು, ವಿವರಿಸಿದ್ದು ತಿಳಿಯಿತು ಅಂತ ಅವನಿಂದ ಬರೆಸಿಕೊಳ್ಳಬೇಕು. ಇದಕ್ಕೂ ಹಿಂದಿನಿಂದ ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ. ಇಂಗ್ಲಿಷ್ ಬಾರದವರು ಕನ್ನಡದಲ್ಲೋ ಮರಾಠಿಯಲ್ಲೋ ಸಹಿ ಮಾಡಿದರೆ, ಕಾಗದದಲ್ಲಿ ಇದ್ದದ್ದನ್ನು ಅವರ ಭಾಷೆಯಲ್ಲಿ ಓದಿ ಹೇಳಲಾಗಿದೆ ಅಂತ ಪ್ರತ್ಯೇಕ ಘೋಷಣೆ ಬರೆಸಿಕೊಳ್ಳುತ್ತೇವೆ. ಬ್ಯಾಂಕುಗಳು ಇದನ್ನೆಲ್ಲ ಎಷ್ಟು ಶ್ರದ್ಧೆಯಿಂದ ಮಾಡುತ್ತವೆ ಅನ್ನೋದು ಇನ್ನೊಂದು ದಿನದ ಹರಟೆ. ಆದರೆ ನಿಯಮವಂತೂ ಇದೆ.

ಐವತ್ತು ಸಾವಿರದ ಪರ್ಸನಲ್ ಲೋನಿಗೆ ಇಷ್ಟು. ವರ್ಷಾನುಗಟ್ಟಲೆ ದಿನಾ ನುಂಗಬೇಕಾದ, ಮಧ್ಯದಲ್ಲಿ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಸಂಚಕಾರ ತರಬಹುದಾದ ಗುಳಿಗೆಗೆ ಏನಿದೆ? ಪಟ್ಟಿಯ ಮೇಲೆ ಒಂದು ಕೆಂಪು ಗೆರೆ, ಸುಣ್ಣದ ಕಾಳಿನಷ್ಟು ಸಣ್ಣ ಅಕ್ಷರ. ಡಬ್ಬಿಯೊಳಗೆ ಮಾಹಿತಿ ಪತ್ರ ಇದ್ದರೂ ಅದು ಡಾಕ್ಟರಿಗಾಗಿ ಬರೆದ ಇಂಗ್ಲಿಷು. ಮೆಡಿಕಲ್ ಅಂಗಡಿಯವನು ಡಬ್ಬಿಯಿಂದ ಹತ್ತು ಗುಳಿಗೆಯ ಒಂದು ಪಟ್ಟಿ ಎಳೆದು ಕೊಡುವಾಗ ಆ ಪತ್ರವೂ ನಮ್ಮ ಕೈಗೆ ಬರೋದಿಲ್ಲ.

ಡಾಕ್ಟರುಗಳಲ್ಲಿ ಈ ಮಾತು ಎತ್ತಿದರೆ ಎರಡು ಉತ್ತರ ಬರುತ್ತವೆ. ಒಂದು, ಸಮಯ ಎಲ್ಲಿದೆ ಸಾಹೇಬರೇ, ಹೊರಗೆ ಎಂಬತ್ತು ಜನ ಕೂತಿದ್ದಾರೆ ಅನ್ನುವುದು. ಇದು ನಿಜ. ಇದಕ್ಕೆ ನನ್ನ ಹತ್ತಿರ ಇರುವ ಉತ್ತರ ಆಮೇಲೆ ಹೇಳುತ್ತೇನೆ. ಎರಡನೆಯದು ಸ್ವಲ್ಪ ಗಟ್ಟಿ ಕಾಳು. ಹೇಳಿದರೆ ಇಲ್ಲದ ಸೈಡ್ ಎಫೆಕ್ಟೂ ಬರುತ್ತೆ ಅನ್ನುತ್ತಾರೆ. ತಮಾಷೆ ಅನ್ನಿಸಬಹುದು, ಆದರೆ ಇದಕ್ಕೆ ಆಧಾರ ಇದೆ. 2003ರಲ್ಲಿ ಇಟಲಿಯ ಸಂಶೋಧಕರು ಪ್ರಕಟಿಸಿದ ಒಂದು ಅಧ್ಯಯನ. ಹೃದಯದ ತೊಂದರೆಯ 96 ಗಂಡಸರಿಗೆ ಅಟೆನೊಲಾಲ್ ಕೊಟ್ಟರು. ಒಂದು ಗುಂಪಿಗೆ ಗುಳಿಗೆಯ ಹೆಸರನ್ನೂ ಹೇಳಲಿಲ್ಲ, ಇನ್ನೊಂದಕ್ಕೆ ಹೆಸರು ಮಾತ್ರ ಹೇಳಿದರು, ಮೂರನೆಯದಕ್ಕೆ ಹೆಸರಿನ ಜೊತೆ ಗಂಡಸುತನಕ್ಕೆ ತೊಂದರೆ ಆಗಬಹುದು ಅಂತಲೂ ಹೇಳಿದರು. ತೊಂದರೆ ಆಯಿತು ಅಂದವರು ಮೊದಲ ಗುಂಪಿನಲ್ಲಿ ನೂರಕ್ಕೆ 3.1, ಎರಡನೆಯದರಲ್ಲಿ 15.6, ಮೂರನೆಯದರಲ್ಲಿ 31.2! ಹಾಗೆ ದೂರು ಹೇಳಿದವರಿಗೆ ಆಮೇಲೆ ಕೊಟ್ಟ ಹುಸಿ ಗುಳಿಗೆ ಕೂಡ ನಿಜವಾದ ಔಷಧಿಯಷ್ಟೇ ಹೆಚ್ಚುಕಡಿಮೆ ಕೆಲಸ ಮಾಡಿತು. ಮನಸ್ಸಿನ ಆಟ ಅಂದರೆ ಇದು.

ಹಾಗಾದರೆ ಬಾಯಿಮುಚ್ಚಿಕೊಂಡಿರೋದೇ ಸರಿಯೇ? ನನಗೆ ಹಾಗನ್ನಿಸೋದಿಲ್ಲ. ಡಾಕ್ಟರು ಹೇಳದಿದ್ದರೆ ಗುಡಿಕಟ್ಟೆ ಹೇಳುತ್ತದೆ, ವಾಟ್ಸಾಪ್ ಹೇಳುತ್ತದೆ, ಅದೂ ಹತ್ತು ಪಾಲು ಹೆಚ್ಚಿಸಿ. ಹೆದರಿಸುವ ಹಾಗೆ ಹೇಳೋದು ಬೇರೆ, ಲೆಕ್ಕ ಕೊಟ್ಟು ಹೇಳೋದು ಬೇರೆ. ಲೆಕ್ಕವೂ ಅಷ್ಟೊಂದು ಕೆಟ್ಟದ್ದಲ್ಲ. ಮೂವತ್ತೈದು ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ 15 ಪ್ರಯೋಗಗಳನ್ನು ಒಟ್ಟುಹಾಕಿ 2002ರಲ್ಲಿ ಅಮೆರಿಕದಲ್ಲಿ ಒಂದು ಪರಿಶೀಲನೆ ಪ್ರಕಟವಾಯಿತು. ಬೀಟಾ ಬ್ಲಾಕರಿನಿಂದಾಗಿಯೇ ಹೆಚ್ಚುವರಿಯಾಗಿ ದಣಿವು ಅಂದವರು ವರ್ಷಕ್ಕೆ 57 ಜನರಲ್ಲಿ ಒಬ್ಬರು. ಲೈಂಗಿಕ ತೊಂದರೆ ಅಂದವರು 199 ಜನರಲ್ಲಿ ಒಬ್ಬರು. ಮನಸ್ಸು ಕುಗ್ಗುತ್ತದೆ, ಡಿಪ್ರೆಶನ್ ಬರುತ್ತದೆ ಅಂತ ಬಹಳ ಕಾಲದಿಂದ ಇದ್ದ ಅಪವಾದಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಇದನ್ನೇ ಕನ್ನಡದಲ್ಲಿ ಹೇಳಿ ನೋಡಿ: "ಬಹಳ ಜನಕ್ಕೆ ಏನೂ ಆಗೋದಿಲ್ಲ. ನಿಮಗೆ ಆದರೆ ನನಗೆ ಹೇಳಿ, ಡೋಸ್ ಇಳಿಸೋಣ, ಇಲ್ಲವೇ ಬೇರೆ ಲಾಲ್ ನೋಡೋಣ." ಯಾರು ಹೆದರುತ್ತಾರೆ ಇದಕ್ಕೆ?

ಬೇರೆ ಲಾಲ್ ಅಂದದ್ದು ತಮಾಷೆಗಲ್ಲ. ಮನೆತನ ಒಂದೇ ಆದರೂ ಒಬ್ಬೊಬ್ಬರ ಗುಣ ಒಂದೊಂದು. ಹಿರಿಯಣ್ಣ ಪ್ರೊಪ್ರಾನೊಲಾಲ್‌ಗೆ ವಿವೇಚನೆ ಕಡಿಮೆ. ಹೃದಯದ ಬಾಗಿಲ ಜೊತೆ ಶ್ವಾಸಕೋಶದ ಬಾಗಿಲಿಗೂ ಅಗುಳಿ ಹಾಕುತ್ತಾನೆ, ಹಾಗಾಗಿ ಅಸ್ತಮಾ ಇರುವವರು ಅವನ ಹತ್ತಿರವೂ ಸುಳಿಯಬಾರದು. (ಇಂಟರ್‌ವ್ಯೂ ಭಯಕ್ಕೆ, ಸ್ಟೇಜಿನ ಭಯಕ್ಕೆ ಅಂತ ಹುಡುಗರು ಗೆಳೆಯರಿಂದ ಇಸಿದುಕೊಂಡು ನುಂಗುವ ಗುಳಿಗೆಯೂ ಇದೇ. ಅವರಿಗೂ ಈ ಮಾತು ಅನ್ವಯ.) ಅಟೆನೊಲಾಲ್, ಮೆಟೊಪ್ರೊಲಾಲ್, ಬಿಸೊಪ್ರೊಲಾಲ್ ಹೆಚ್ಚಾಗಿ ಹೃದಯದ ಬಾಗಿಲಿಗೇ ಹೋಗುತ್ತವೆ, ಆದರೂ ದಮ್ಮು ಇರುವವರು ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಅಟೆನೊಲಾಲ್ ಹೊರಹೋಗುವುದು ಮೂತ್ರಪಿಂಡದ ಮೂಲಕ, ಕಿಡ್ನಿ ಸೋತವರಿಗೆ ಡೋಸ್ ಕಡಿಮೆ ಬೇಕು. ಕಾರ್ವೆಡಿಲಾಲ್ ಊಟದ ಜೊತೆ ತೊಗೊಂಡರೆ ಎದ್ದಾಗ ತಲೆ ತಿರುಗುವುದು ಕಡಿಮೆ.

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಶುಗರ್ ಒಮ್ಮೆಲೇ ಇಳಿದಾಗ ಕೈ ನಡುಗುತ್ತೆ, ಎದೆ ಡವಡವ ಅನ್ನುತ್ತೆ, ಆಗ ಬಾಯಿಗೆ ಸಕ್ಕರೆ ಹಾಕಿಕೊಳ್ಳುತ್ತೇವೆ. ಬೀಟಾ ಬ್ಲಾಕರ್ ಈ ನಡುಕ, ಡವಡವ ಎರಡನ್ನೂ ಮುಚ್ಚಿಹಾಕುತ್ತದೆ. ಬೆವರು ಮಾತ್ರ ಮುಚ್ಚುವುದಿಲ್ಲ. ಇನ್ಸುಲಿನ್ ತೊಗೊಳ್ಳುವವರು ಕಾರಣವಿಲ್ಲದೇ ತಣ್ಣನೆ ಬೆವರಿದರೆ ಶುಗರ್ ನೋಡಿಕೊಳ್ಳಬೇಕು. ಇಷ್ಟು ಚಿಕ್ಕ ಮಾತು, ಎಷ್ಟು ಜನಕ್ಕೆ ಗೊತ್ತು ಹೇಳಿ?

ಇನ್ನು ನಮ್ಮಂಥವರದೇ ಒಂದು ವಿಶೇಷ ಕಾಯಿಲೆ ಇದೆ, ಅದರ ಹೆಸರು ಎರಡು ಊರು. ಆರು ತಿಂಗಳು ಮಗನ ಹತ್ತಿರ ಮುಂಬೈ, ಆರು ತಿಂಗಳು ಮಗಳ ಹತ್ತಿರ ಬೆಂಗಳೂರು. ಎರಡು ಊರು, ಇಬ್ಬರು ಡಾಕ್ಟರು, ಎರಡು ಫೈಲು. ನಮ್ಮ ಸೊಸೈಟಿಯ ಕನ್ನಡದ ತಾಯಿಯೊಬ್ಬರು ಇಲ್ಲಿ ಮೆಟೊಪ್ರೊಲಾಲ್ ನುಂಗುತ್ತಿದ್ದರು. ಬೆಂಗಳೂರಿಗೆ ಹೋದಾಗ ಅಲ್ಲಿಯವರು ಬಿ.ಪಿ.ಗೆ ಅಂತ ಒಂದು ಜೋಡಿ ಗುಳಿಗೆ ಬರೆದರು. ಹೆಸರು ಬೇರೆ, ಬಣ್ಣ ಬೇರೆ, ಹಾಗಾಗಿ ಎರಡನ್ನೂ ನುಂಗುತ್ತಿದ್ದರು. ವಾಪಸ್ ಬಂದಾಗ ನಾಡಿ ನಿಮಿಷಕ್ಕೆ 44, ಎದ್ದರೆ ಕಣ್ಣು ಕತ್ತಲೆ. ಪಟ್ಟಿ ತಿರುಗಿಸಿ ಬ್ರಾಂಡ್ ಹೆಸರಿನ ಕೆಳಗಿನ ಸಣ್ಣ ಅಕ್ಷರ ನೋಡಿದರೆ ಅಮ್ಲೊಡಿಪಿನ್ ಜೊತೆಗೆ ಅಟೆನೊಲಾಲ್! ಒಂದೇ ಮನೆಗೆ ಇಬ್ಬರು ಲಾಲ್‌ಗಳು. ಡಾಕ್ಟರು ಒಂದನ್ನು ತೆಗೆಸಿದರು, ವಾರದಲ್ಲಿ ಸರಿಹೋಯಿತು. ಆದ್ದರಿಂದ ಬ್ರಾಂಡ್ ಹೆಸರು ನಂಬಬೇಡಿ, ಅದು ಅಂಗಡಿಯ ಬೋರ್ಡು ಅಷ್ಟೇ. ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದದ್ದೇ ಮಾಲೀಕನ ಹೆಸರು. ಎರಡು ಪಟ್ಟಿಯಲ್ಲಿ ಲಾಲ್ ಕಂಡರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ ಕೇಳಿ.

ಲಾಲ್ ಕಣ್ಣಿನ ಹನಿಯಲ್ಲೂ ಬರುತ್ತಾನೆ. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್ ಹನಿ ಕಣ್ಣಿನಿಂದ ಮೂಗಿಗೆ ಇಳಿದು ರಕ್ತಕ್ಕೆ ಸೇರುತ್ತದೆ, ನಾಡಿ ನಿಧಾನ ಮಾಡಬಲ್ಲದು, ಅಸ್ತಮಾ ಕೆರಳಿಸಬಲ್ಲದು. ಕಣ್ಣಿನ ಡಾಕ್ಟರಿಗೆ ಹೃದಯದ ಗುಳಿಗೆ ಬಗ್ಗೆ, ಹೃದಯದ ಡಾಕ್ಟರಿಗೆ ಕಣ್ಣಿನ ಹನಿಯ ಬಗ್ಗೆ ಹೇಳಬೇಕು. ವೆರಪಮಿಲ್, ಡಿಲ್ಟಿಯಾಜೆಮ್ ಅನ್ನುವ ಗುಳಿಗೆಗಳೂ ಎದೆಬಡಿತವನ್ನು ಇಳಿಸುವಂಥವೇ, ಬೀಟಾ ಬ್ಲಾಕರ್ ಜೊತೆ ಸೇರಿದರೆ ಬಡಿತ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಗುಳಿಗೆಗಳು ಬಿ.ಪಿ. ಔಷಧಿಯ ಬಲ ಕಡಿಮೆ ಮಾಡುತ್ತವೆ. ಎಲ್ಲ ಗುಳಿಗೆಯ ಪಟ್ಟಿಗಳನ್ನೂ ಒಂದು ಚೀಲದಲ್ಲಿ ಹಾಕಿ ಡಾಕ್ಟರ ಮೇಜಿನ ಮೇಲೆ ಸುರಿಯುವುದು ಎಲ್ಲಕ್ಕಿಂತ ಸುಲಭ. ನಾಚಿಕೆ ಏನಿಲ್ಲ.

ಒಂದು ಹೊತ್ತು ಮರೆತರೆ ನೆನಪಾದಾಗ ತೊಗೊಳ್ಳಬಹುದು, ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಮರೆತದ್ದನ್ನು ಬಿಡಿ. ಎರಡು ಒಟ್ಟಿಗೆ ಬೇಡ. ನಿಧಾನವಾಗಿ ಕರಗುವ, ಎಕ್ಸ್‌ಎಲ್ ಅಂತ ಬರೆದ ಗುಳಿಗೆಗಳನ್ನು ಪುಡಿಮಾಡಿ ಅಜ್ಜಿಗೆ ಜೇನುತುಪ್ಪದಲ್ಲಿ ಕಲಸಿ ಕೊಡಬೇಡಿ, ಇಡೀ ದಿನದ ಡೋಸ್ ಒಂದೇ ಗಂಟೆಗೆ ಇಳಿಯುತ್ತದೆ. ಊರಿಗೆ ಹೋಗುವಾಗ ಎಷ್ಟು ದಿನಕ್ಕೆ ಹೋಗುತ್ತೀರೋ ಅದಕ್ಕಿಂತ ಹತ್ತು ದಿನದ ಗುಳಿಗೆ ಹೆಚ್ಚಿಗೆ ಇರಲಿ, ಅದೂ ಕೈಚೀಲದಲ್ಲಿ. ಮದುವೆಗೆ ಹೋದವರು ಮದುವೆ ಮುಗಿಸಿ ಬರೋದಿಲ್ಲ ಅಂತ ನಮಗೆಲ್ಲ ಗೊತ್ತಲ್ಲ. ಹಲ್ಲು ಕೀಳಿಸುವಾಗಲೋ ಆಪರೇಷನ್ ಅಂತಲೋ ತಾವಾಗಿ ಗುಳಿಗೆ ನಿಲ್ಲಿಸುವುದು ಬೇಡ, ಅಲ್ಲಿಯ ಡಾಕ್ಟರಿಗೆ ಹೇಳಿದರೆ ಸಾಕು. ಮಕ್ಕಳು ಕೊಡಿಸಿದ ಸ್ಮಾರ್ಟ್ ವಾಚ್ ಕಟ್ಟಿಕೊಂಡು ವಾಕಿಂಗ್ ಹೋಗುವವರು, ವಯಸ್ಸಿಗೆ ತಕ್ಕ ಎದೆಬಡಿತ ಅಂತ ಅದು ತೋರಿಸುವ ಗುರಿ ಮುಟ್ಟಲು ಓಡಬೇಡಿ. ಈ ಗುಳಿಗೆ ಇರುವಾಗ ಅದು ಮುಟ್ಟೋದೂ ಇಲ್ಲ, ಮುಟ್ಟಬೇಕಾಗಿಯೂ ಇಲ್ಲ. ನಾಡಿ ಎಷ್ಟಕ್ಕಿಂತ ಇಳಿದರೆ ಫೋನ್ ಮಾಡಬೇಕು ಅಂತ ನಿಮ್ಮ ಡಾಕ್ಟರಿಂದಲೇ ಒಂದು ಸಂಖ್ಯೆ ಬರೆಸಿಕೊಳ್ಳಿ. ಪ್ರಜ್ಞೆ ತಪ್ಪಿದರೆ, ಉಸಿರು ಕಟ್ಟಿದರೆ, ನಾಲ್ಕು ದಿನದಲ್ಲಿ ಕಾಲು ಊದಿಕೊಂಡು ತೂಕ ಏರಿದರೆ ಸಂಖ್ಯೆ ನೋಡುತ್ತಾ ಕೂಡಬೇಡಿ, ಆಸ್ಪತ್ರೆಗೆ ಹೊರಡಿ.

ಈಗ ಹೊಸದೊಂದು ಗೊಂದಲ. ಹಾರ್ಟ್ ಅಟ್ಯಾಕ್ ಆದವರಿಗೆ ಬೀಟಾ ಬ್ಲಾಕರ್ ಬೇಕಾಗಿಯೇ ಇಲ್ಲವಂತೆ ಅಂತ 2025ರಲ್ಲಿ ನನ್ನ ಫೋನಿಗೇ ಏಳೆಂಟು ಫಾರ್ವರ್ಡ್ ಬಂದವು. ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಅಟ್ಯಾಕ್ ಆದರೂ ಪಂಪಿಂಗ್ ಶಕ್ತಿ ಚೆನ್ನಾಗಿಯೇ ಉಳಿದವರಿಗೆ ಈ ಗುಳಿಗೆಯಿಂದ ಲಾಭ ಕಾಣಲಿಲ್ಲ ಅಂತ 2024ರಲ್ಲಿ ಮುಖ್ಯವಾಗಿ ಸ್ವೀಡನ್ನಿನಲ್ಲಿ ನಡೆದ ಪ್ರಯೋಗ ಹೇಳಿತು. 2025ರಲ್ಲಿ ಸ್ಪೇನ್-ಇಟಲಿಯ ಪ್ರಯೋಗವೂ ಸುಮಾರಾಗಿ ಹಾಗೇ ಹೇಳಿತು. ಅದೇ ವರ್ಷ ನಾರ್ವೆ-ಡೆನ್ಮಾರ್ಕಿನವರು, ಇಲ್ಲ, ಸ್ವಲ್ಪ ಲಾಭ ಇದೆ ಅಂದರು. ಫ್ರಾನ್ಸಿನವರು 2024ರಲ್ಲಿ ಇನ್ನೊಂದು ಪ್ರಶ್ನೆ ಕೇಳಿದ್ದರು: ಬಹಳ ದಿನದಿಂದ ತೊಗೊಳ್ಳುತ್ತಿರುವವರು ನಿಲ್ಲಿಸಿದರೆ? 3,698 ಜನರಲ್ಲಿ ನಿಲ್ಲಿಸಿದವರ ಪೈಕಿ ನೂರಕ್ಕೆ 23.8, ಮುಂದುವರಿಸಿದವರ ಪೈಕಿ 21.1 ಜನ ತೊಂದರೆಗೆ ಒಳಗಾದರು. ವ್ಯತ್ಯಾಸ ಹೆಚ್ಚಾಗಿ ಮತ್ತೆ ಆಸ್ಪತ್ರೆ ಸೇರಿದ್ದರಲ್ಲಿ. ನಿಲ್ಲಿಸಿದವರ ಜೀವನದ ಗುಣಮಟ್ಟ ಏನಾದರೂ ಸುಧಾರಿಸಿತೇ ಅಂದರೆ ಅದೂ ಇಲ್ಲ. ಹೃದಯ ಸೋತವರ ಮಾತೇ ಬೇರೆ. ಅವರಲ್ಲಿ ಬಿಸೊಪ್ರೊಲಾಲ್, ಮೆಟೊಪ್ರೊಲಾಲ್ ಸಾವನ್ನು ನೂರಕ್ಕೆ 34ರಷ್ಟು ಕಡಿಮೆ ಮಾಡಿದ್ದು 1999ರ ಎರಡು ದೊಡ್ಡ ಪ್ರಯೋಗಗಳಲ್ಲಿ ಸಾಬೀತಾಗಿದೆ. ನಮ್ಮ ಮಾವನವರು ಈ ಗುಂಪಿನವರು. ಹಾಗಾಗಿ ಫಾರ್ವರ್ಡ್ ಬಂದರೆ ಡಾಕ್ಟರಲ್ಲಿಗೆ ತೊಗೊಂಡು ಹೋಗಿ ಕೇಳಿ: ನನ್ನ ಪಂಪಿಂಗ್ ಎಷ್ಟಿದೆ, ಇದು ನನಗೆ ಇನ್ನೂ ಬೇಕೇ, ಬೇಡವಾದರೆ ಹೇಗೆ ಇಳಿಸೋಣ? ಕೇಳುವ ಹಕ್ಕು ನಿಮ್ಮದು. ಸಿಡುಕುವ ಡಾಕ್ಟರಾದರೆ ಇನ್ನೊಬ್ಬರನ್ನು ಹುಡುಕಿ, ಮುಂಬೈಯಲ್ಲಿ ಬರ ಇಲ್ಲ.

ಸಮಯ ಇಲ್ಲ ಅನ್ನುವ ಡಾಕ್ಟರಿಗೆ ಉತ್ತರ ಆಮೇಲೆ ಅಂದಿದ್ದೆ. ಐದು ನಿಮಿಷ ಡಾಕ್ಟರೇ ಹೇಳಬೇಕೆಂದಿಲ್ಲ. ನಮ್ಮ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟಿನ ಹಾಗೆ ಅರ್ಧ ಪುಟದ ಒಂದು ಹಾಳೆ ಸಾಕು. ಈ ಗುಳಿಗೆ ಏನು ಮಾಡುತ್ತದೆ, ಏನೇನು ಅನ್ನಿಸಬಹುದು, ಏನಾದರೆ ಫೋನ್ ಮಾಡಬೇಕು, ಯಾಕೆ ನೀವಾಗಿ ನಿಲ್ಲಿಸಬಾರದು. ಕನ್ನಡ, ಮರಾಠಿ, ಗುಜರಾತಿ, ತಮಿಳು, ದಪ್ಪ ಅಕ್ಷರದಲ್ಲಿ. ಡಿಸ್ಚಾರ್ಜ್ ಬಿಲ್ಲಿನಲ್ಲಿ ಹತ್ತಿಯ ಉಂಡೆಗೂ ದುಡ್ಡು ಹಾಕುವ ಆಸ್ಪತ್ರೆಗಳಿಗೆ ಒಂದು ಹಾಳೆ ಭಾರವಲ್ಲ. ದಾಂಪತ್ಯದ ತೊಂದರೆಯ ಸಾಲು ಅದರಲ್ಲಿ ಅಚ್ಚಾಗಿದ್ದರೆ ಅಪ್ಪ ಮಗನ ಎದುರು ಬಾಯಿಬಿಡಬೇಕಾಗಿಲ್ಲ, ಬೆರಳಿಟ್ಟು ತೋರಿಸಿದರೆ ಮುಗಿಯಿತು.

ನಮ್ಮ ಹೊರನಾಡ ಕನ್ನಡ ಸಂಘಗಳೂ ಇದನ್ನು ಮಾಡಬಹುದು. ನೂರು ಪುಟದ ಸ್ಮರಣ ಸಂಚಿಕೆ, ಅದರಲ್ಲಿ ಅರುವತ್ತು ಪುಟ ಜಾಹೀರಾತು ಅಚ್ಚುಹಾಕುವ ನಮಗೆ ಅರ್ಧ ಪುಟ ಹೆಚ್ಚೇ? ಸಂಘಗಳಲ್ಲಿ ಕನ್ನಡ ಬಲ್ಲ ಡಾಕ್ಟರುಗಳಿಗೇನೂ ಕೊರತೆಯಿಲ್ಲ. ವರ್ಷಕ್ಕೊಮ್ಮೆ ಅವರನ್ನು ಕರೆದು ಶಾಲು ಹೊದಿಸಿ ಕಳಿಸುತ್ತೇವೆ. ಈ ಸಲ ಶಾಲಿನ ಜೊತೆ ಒಂದು ಪೆನ್ನೂ ಕೊಡೋಣ.

ಸರ್ಕಾರದ ಕಡೆಯಿಂದ ಒಂದು ಕೆಲಸ ಆಗಿದೆ, ಅದು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಗಾಜಿಯಾಬಾದಿನ ಭಾರತೀಯ ಫಾರ್ಮಕೋಪಿಯಾ ಆಯೋಗ ಔಷಧಿಗಳ ಅಡ್ಡಪರಿಣಾಮದ ವರದಿಗಳನ್ನು ಸಂಗ್ರಹಿಸುತ್ತದೆ. ಡಾಕ್ಟರೇ ಬರೆಯಬೇಕೆಂದಿಲ್ಲ, ರೋಗಿ ಅಥವಾ ಮನೆಯವರು ಕೂಡ ವರದಿ ಮಾಡಬಹುದು. ಅದಕ್ಕೆ 1800-180-3024 ಅಂತ ಉಚಿತ ಫೋನ್ ಇದೆ, ಗ್ರಾಹಕರ ಫಾರ್ಮು ಇಂಗ್ಲಿಷಿನ ಜೊತೆ ಭಾರತೀಯ ಭಾಷೆಗಳಲ್ಲೂ ಇದೆ, ಅವುಗಳಲ್ಲಿ ಕನ್ನಡವೂ ಒಂದು. ಅಂದರೆ ತೊಂದರೆ ಆದ ಮೇಲೆ ಕನ್ನಡದಲ್ಲಿ ಬರೆದು ತಿಳಿಸಲು ದಾರಿ ಇದೆ. ಆಗುವ ಮೊದಲು ಕನ್ನಡದಲ್ಲಿ ಓದಿ ತಿಳಿಯಲು ಬೇಕಾದ ಆ ಅರ್ಧ ಪುಟ ಮಾತ್ರ ಇನ್ನೂ ಯಾರೂ ಕೊಟ್ಟಿಲ್ಲ. ಡಿಸ್ಚಾರ್ಜ್ ಕೌಂಟರಿನಲ್ಲಿ ದುಡ್ಡು ಕಟ್ಟುವ ಮೊದಲು ಅದನ್ನು ಕೇಳಿ. ಕಟ್ಟಿದ ಮೇಲೆ ಯಾರೂ ಕೇಳಿಸಿಕೊಳ್ಳೋದಿಲ್ಲ, ಇದು ಕೌಂಟರಿನ ಆ ಕಡೆ ಮೂವತ್ತು ವರ್ಷ ಕೂತವನ ಮಾತು.